ಊಟ ಬಿಟ್ಟ ಹಾವು, ಹೆಸರು ಬಿಟ್ಟ ಇಲಿ

ಗೆಳೆಯನ ಹಾವು ಊಟ ಬಿಟ್ಟು ಏಳು ವಾರ ಆಗಿತ್ತು.

ಹಾವು ಅಂದ್ರೆ ನಮ್ಮ ನಾಗರಹಾವಲ್ಲ, ಕೇರೆಹಾವೂ ಅಲ್ಲ. ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುವ ಸಣ್ಣ ಜಾತಿಯ ಹೆಬ್ಬಾವು. ನಮ್ಮ ದೇಶದ ಹಾವನ್ನು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸಾಗುತ್ತೆ. ಪರದೇಶದ್ದಾದರೆ ಸರ್ಕಾರದಲ್ಲಿ ನೋಂದಾಯಿಸಿ ಸಾಕಬಹುದು. ಇವನ ಕಾಗದಪತ್ರ ಎಲ್ಲ ಸರಿಯಿತ್ತು. ಹಾವಿನ ಹೊಟ್ಟೆ ಮಾತ್ರ ಸರಿಯಿರಲಿಲ್ಲ.

ಆ ಹೊಟ್ಟೆಗಾಗಿ ಅವನು ಬೆಂಗಳೂರಿನ ತನ್ನ ಫ್ಲ್ಯಾಟಿನ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನ್ ಪಕ್ಕ, ಇಲಿ ಸಾಕಿದ್ದ. ಮೂರು ಪ್ಲಾಸ್ಟಿಕ್ ಟಬ್ಬು, ಮೇಲೆ ತಂತಿ ಜಾಳಿಗೆ, ಕೆಳಗೆ ಮರದ ಹೊಟ್ಟು, ತಲೆಕೆಳಗಾಗಿ ಕಟ್ಟಿದ ನೀರಿನ ಬಾಟಲಿ. ಒಂದು ಗಂಡಿಗೆ ಮೂರು ಹೆಣ್ಣು. ಮೂರು ವಾರಕ್ಕೆ ಮರಿ ಹಾಕುತ್ತವೆ, ಸಲಕ್ಕೆ ಆರೋ ಎಂಟೋ. ಇನ್ನು ಮೂರು ವಾರಕ್ಕೆ ಮರಿಗಳು ಹಾಲು ಬಿಡುತ್ತವೆ. ಮತ್ತೆ ಮೂರು ವಾರ ಕಳೆದರೆ ಅವೂ ಸಂಸಾರಕ್ಕೆ ರೆಡಿ. ಎಲ್ಲವನ್ನೂ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದ. ಎಷ್ಟು ತೊಳೆದರೂ ಹೋಗದ ಉಚ್ಚೆಯ ಘಾಟಿಗೆ ಮಾತ್ರ ಆ ಶೀಟಿನಲ್ಲಿ ಕಾಲಂ ಇರಲಿಲ್ಲ.

"ಸಪ್ಲೈ ಜಾಸ್ತಿ ಆಯ್ತು ಮಗಾ, ಡಿಮ್ಯಾಂಡೇ ಇಲ್ಲ" ಅಂದ.

ಇಲಿಯನ್ನು ಜೀವಂತ ಬಿಡುವುದಿಲ್ಲ. ಬಿಟ್ಟರೆ, ಹಸಿವಿಲ್ಲದೆ ಬಿದ್ದಿರುವ ಹಾವನ್ನೇ ಇಲಿ ಕಡಿದು ಗಾಯ ಮಾಡುತ್ತೆ. ಕೊಂದ ಇಲಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸಬೇಕು. ಆಡಿಸಿದ. ಹಾವು ನಾಲಿಗೆ ಚಾಚಿ ಎರಡು ಸಲ ನೋಡಿತು, ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರು ಕಂಡವರ ಹಾಗೆ ಮುಖ ತಿರುಗಿಸಿತು. "ನೀನು ಹಳ್ಳಿಯವನು, ಏನಾದ್ರೂ ಹೇಳು" ಅಂದ. ನಾನೇನು ಹೇಳಲಿ? ಕಕ್ಕೇರಾದಲ್ಲಿ ನಾವು ಹಾವಿಗೆ ಉಣ್ಣಿಸುವುದು ವರ್ಷಕ್ಕೊಂದು ಸಲ, ಪಂಚಮಿಗೆ, ಅದೂ ಅದು ಕುಡಿಯದ ಹಾಲನ್ನ. ಉಳಿದ ದಿನ ಅದರ ಊಟ ಅದಕ್ಕೆ ಗೊತ್ತು.

ಮನೆಯಲ್ಲಿ ಇಲಿ ಸಾಕಿ ಮಾರುವುದು ಹೊಸ ಹುಚ್ಚೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಊರಲ್ಲಿ ಏಬಿ ಲೇಥ್ರಾಪ್ ಎಂಬ ನಿವೃತ್ತ ಶಾಲಾ ಶಿಕ್ಷಕಿ 1900ರ ಸುಮಾರಿಗೆ ಚಂದದ ಇಲಿಗಳನ್ನು ಸಾಕಿ ಶೋಕಿಗೆ ಕೊಳ್ಳುವವರಿಗೆ ಮಾರುತ್ತಿದ್ದರು. ಆಮೇಲೆ ಹಾರ್ವರ್ಡ್‌ನ ವಿಜ್ಞಾನಿಗಳೇ ಗಿರಾಕಿಗಳಾದರು. ಆಕೆಯ ಸಂಗ್ರಹದ 57ನೇ ನಂಬರಿನ ಹೆಣ್ಣಿಲಿಯಿಂದ 1921ರಲ್ಲಿ ಶುರುವಾದ ವಂಶವೇ ಇವತ್ತು ಜಗತ್ತಿನ ಲ್ಯಾಬುಗಳಲ್ಲೆಲ್ಲ ಇರುವ 'ಸಿ57 ಬ್ಲ್ಯಾಕ್'. ನಮ್ಮ ಕಡೆ ಹೆಚ್ಚಾಗಿ ಸಿಗುವ ಬಿಳಿ ಇಲಿಯದು ಬೇರೆ ಕಥೆ. ಕ್ಲಾರಾ ಲಿಂಚ್ ಎಂಬ ವಿಜ್ಞಾನಿ 1926ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಿಂದ ನ್ಯೂಯಾರ್ಕಿಗೆ ಒಂಬತ್ತು ಬಿಳಿ ಇಲಿ ತಂದರು, ಎರಡು ಗಂಡು, ಏಳು ಹೆಣ್ಣು. ಅವುಗಳ ಸಂತಾನಕ್ಕೆ 'ಸ್ವಿಸ್' ಅನ್ನೋ ಹೆಸರು ಅಂಟಿಕೊಂಡಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗಗಳನ್ನು ಕೊಂದ ವೈರಸ್ಸನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪತ್ತೆ ಹಚ್ಚಿದ್ದು ಇಂಥ ಬಿಳಿ ಇಲಿಯ ಎಳೆ ಮರಿಗಳಲ್ಲೇ. ಅಂದರೆ ಈ ಇಲಿಗೆ ನೂರು ವರ್ಷದಿಂದ ಹೊಲ ಗೊತ್ತಿಲ್ಲ, ಹಾವೂ ಗೊತ್ತಿಲ್ಲ. ಗೊತ್ತಿರುವುದು ಟಬ್ಬು ಮಾತ್ರ.

ಹಾವಿನ ಕಡೆಯಿಂದ ನೋಡಿದರೆ ತಕರಾರು ಇಲ್ಲೇ ಇದೆ. ಬಾಲ್ ಪೈಥಾನು ತನ್ನ ನಾಡಲ್ಲಿ ತಿನ್ನುವ ಪ್ರಾಣಿಗಳಲ್ಲಿ ಮ್ಯಾಸ್ಟೊಮಿಸ್ ಎಂಬ ಹೊಲದ ಇಲಿಯೂ ಒಂದು. ಹೆಣ್ಣಿಗೆ 24ರವರೆಗೂ ಮೊಲೆತೊಟ್ಟು ಇರುತ್ತವೆ, ಹೆರುವ ಜೋರು ನೀವೇ ಲೆಕ್ಕ ಹಾಕಿ. ಬಿಳಿ ಇಲಿ ಮುಟ್ಟದ ಹಾವು ಇದರ ವಾಸನೆಗೆ ಬಾಯಿ ತೆರೆಯುತ್ತೆ ಅಂತ ಪರದೇಶದ ಸಾಕುವವರು ಇದನ್ನೇ ಮನೆಯಲ್ಲಿ ಸಾಕುತ್ತಾರೆ. ಅವರು ಅದನ್ನು ಕರೆಯುವುದು 'ಮೆತ್ತನೆ ತುಪ್ಪಳದ ಆಫ್ರಿಕನ್ ಇಲಿ' ಎಂಬರ್ಥದ ಹೆಸರಿನಿಂದ. ಅದನ್ನು ಇಲ್ಲಿಗೆ ತರಿಸುವ ಮಾತೇ ಇಲ್ಲ, ಆಫ್ರಿಕಾದಲ್ಲಿ ಲಾಸಾ ಜ್ವರದ ವೈರಸ್ಸನ್ನು ಹೊತ್ತು ತಿರುಗುವುದೂ ಇದೇ ಇಲಿ.

"ನಮ್ಮಲ್ಲಿ ಅಂಥದ್ದು ಯಾವುದೂ ಇಲ್ವಾ?" ಅಂತ ಗೆಳೆಯ ಕೇಳಿದ. ಆ ರಾತ್ರಿ ಹುಡುಕುತ್ತಾ ಕೂತೆ. ಇತ್ತು. ಅದರ ಇಂಗ್ಲಿಷ್ ಹೆಸರಿಗೂ 'ಮೆತ್ತನೆ ತುಪ್ಪಳದ ಹೊಲದಿಲಿ' ಅಂತಲೇ ಅರ್ಥ. ಲ್ಯಾಟಿನ್ ಹೆಸರು ಮಿಲ್ಲಾರ್ಡಿಯಾ ಮೆಲ್ಟಾಡ. ಮೆಲ್ಟಾಡ ಲ್ಯಾಟಿನ್ನೂ ಅಲ್ಲ, ಗ್ರೀಕೂ ಅಲ್ಲ. ಧಾರವಾಡ ಸೀಮೆಯ ವಡ್ಡರ ಬಾಯಿಂದ ಬಂದ ಮಾತು.

ಆ ಮಾತನ್ನು ಬರೆದುಕೊಂಡವನು ವಾಲ್ಟರ್ ಎಲಿಯಟ್. ಹೆಸರು ಕೇಳಿದ ಹಾಗಿದೆಯಾ? 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಮುಂದೆ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಈ ಎಲಿಯಟ್. ಆಗ ಅವನಿಗೆ 21 ವರ್ಷ. ಬಿಡುಗಡೆಯಾದ ಮೇಲೆ ವರ್ಷಗಟ್ಟಲೆ ಅದೇ ಸೀಮೆಯಲ್ಲಿ ಕಂದಾಯದ ಕೆಲಸ ಮಾಡಿದ. ನಮ್ಮ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದವನೂ ಇವನೇ, ಆ ಕಾರಣಕ್ಕೆ ಇತಿಹಾಸದವರಿಗೆ ಗೊತ್ತು. ಇಲಿಗಳ ಬಗ್ಗೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವನು ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಮಾಡಿ 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಪ್ರಾಣಿಗಳಿಗೆ ಕನ್ನಡದವರು ಏನಂತಾರೆ, ವಡ್ಡರು ಏನಂತಾರೆ ಅಂತಲೂ ಬರೆದ.

ವಡ್ಡರನ್ನೇ ಯಾಕೆ ಕೇಳಿದ ಅಂದರೆ, ನೆಲದೊಳಗಿನ ಲೋಕ ಗೊತ್ತಿದ್ದವರು ಅವರೇ. ಕೆರೆ ತೋಡುವುದು, ಮಣ್ಣು ಹೊರುವುದು ಅವರ ಕಸುಬು, ಇಲಿ ಅವರ ಊಟ. ಎರೆ ಹೊಲದಲ್ಲಿ ಬಿಲ ತೋಡುವ 'ಕೊಕ್' ಎಂಬ ದೊಡ್ಡ ಇಲಿಯನ್ನು ಅವರು ಸುಗ್ಗಿಯಲ್ಲಿ ಅಗೆದು ಹಿಡಿಯುತ್ತಿದ್ದರು, ಬಿಲದಲ್ಲಿ ಅದು ಕೂಡಿಟ್ಟ ಜೋಳವನ್ನೂ ತೆಗೆಯುತ್ತಿದ್ದರು. ಒಂದು ಬಿಲದಲ್ಲಿ ಅರ್ಧ ಸೇರಿನವರೆಗೂ ಕಾಳು, ಕೆಲವೊಮ್ಮೆ ಇಡೀ ತೆನೆಗಳೇ. ಒಳ್ಳೆ ಸೀಮೆಯಲ್ಲಿ ಆ ಕಾಲ ಪೂರ್ತಿ ಅವರು ಬಹುಪಾಲು ಈ ಕಾಳಿನ ಮೇಲೆಯೇ ಬದುಕುತ್ತಿದ್ದರು ಅಂತ ಎಲಿಯಟ್ ಬರೆಯುತ್ತಾನೆ. ಗರಸು ನೆಲದಲ್ಲಿ ಬಿಲದ ಬಾಯಿಗೆ ಸಣ್ಣ ಹರಳು ಪೇರಿಸುವ ಒಂದು ಚಿಟ್ಟಿಲಿ ಇದೆ, ಅದಕ್ಕೆ ಕನ್ನಡದವರು 'ಕಲ್ಲಿಲಿ' ಅನ್ನುತ್ತಿದ್ದರು. ಎಷ್ಟು ಸರಿಯಾದ ಹೆಸರು!

ಮೆಟ್ಟಡೆ (ಅವನ ಇಂಗ್ಲಿಷ್ ಅಕ್ಷರಗಳನ್ನು ನಾನು ಹೀಗೆ ಓದಿಕೊಂಡಿದ್ದೇನೆ) ಅಷ್ಟು ಶ್ರಮ ಪಡುವ ಪ್ರಾಣಿಯಲ್ಲ. ಗಿಡದ ಬುಡದಲ್ಲಿ ಒಂದು ಕಾಟಾಚಾರದ ಬಿಲ, ಇಲ್ಲಾ ಹೊಲದಂಚಿನ ಕಲ್ಲುಗುಂಪು, ಇಲ್ಲಾ ಕೊಕ್ ಬಿಟ್ಟುಹೋದ ಮನೆ. ಬೇಸಿಗೆಯಲ್ಲಿ ಎರೆ ಭೂಮಿ ಬಾಯಿಬಿಟ್ಟಾಗ ಆ ಬಿರುಕುಗಳೇ ಮನೆ. ಮುಂಗಾರು ಹಿಡಿದು ಬಿರುಕು ಮುಚ್ಚಿಕೊಂಡಾಗ ಒಳಗಿದ್ದವು ಲೆಕ್ಕವಿಲ್ಲದಷ್ಟು ಸಾಯುತ್ತವೆ. ನಾನು ಎರೆ ಹೊಲದಲ್ಲಿ ಬೆಳೆದವನು, ಎತ್ತಿನ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ನೋಡಿದ್ದೇನೆ. ಅದರೊಳಗೆ ಇಂಥದ್ದೊಂದು ಲೆಕ್ಕಾಚಾರ ನಡೆಯುತ್ತೆ ಅಂತ 1839ರ ಬರಹ ಓದಿದ ಮೇಲೆಯೇ ಗೊತ್ತಾಗಿದ್ದು.

1826ರಲ್ಲಿ ಆ ಲೆಕ್ಕ ತಪ್ಪಿತು. ಮುಂಗಾರಿನ ಮೊದಲ ಮಳೆ ಕೈಕೊಟ್ಟಿತು, ಬಿರುಕು ಮುಚ್ಚಲಿಲ್ಲ, ಮೆಟ್ಟಡೆ ಸಾಯಲಿಲ್ಲ. ಬಿತ್ತಿದ ಬೀಜ ತಿಂದವು. ಉಳಿದದ್ದು ಬೆಳೆದು ತೆನೆಯಾದಾಗ ಜೋಳದ ದಂಟು ಹತ್ತಿ ತೆನೆ ಕಡಿದು ಕೆಡವಿ ತಿಂದವು. ಹೊಲಕ್ಕೆ ಹೊಲವೇ ಹಾಳಾದದ್ದನ್ನು, ರೈತರು ಕಂದಾಯ ಕಟ್ಟಲಾಗದೆ ಹೋದದ್ದನ್ನು ಎಲಿಯಟ್ ಕಣ್ಣಾರೆ ಕಂಡ. ರೈತರು ವಡ್ಡರನ್ನು ಹಚ್ಚಿದರು. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಅಂತ ಕೂಲಿ. ಸಾವಿರಗಟ್ಟಲೆ ಕೊಂದರೂ ಕಡಿಮೆಯಾದ ಹಾಗೆ ಕಾಣಲಿಲ್ಲವಂತೆ. ಒಂದು ಹೆಣ್ಣು ಸಲಕ್ಕೆ ಆರರಿಂದ ಎಂಟು ಮರಿ ಹಾಕುತ್ತೆ ಅಂತಲೂ ಬರೆದಿದ್ದಾನೆ. ಗೆಳೆಯನ ಎಕ್ಸೆಲ್ ಶೀಟಿನ ಅಂಕಿಯೂ ಹತ್ತಿರ ಹತ್ತಿರ ಅದೇ.

ಈ ಇಲಿಗಳಿಗೆ ವೈಜ್ಞಾನಿಕ ಹೆಸರು ಕೊಟ್ಟವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ, 1837ರಲ್ಲಿ. ಕನ್ನಡದ 'ಗುಲಂಡಿ' ಗೊಲುಂಡ ಆಯಿತು. ಕೊಕ್ ಇಲಿ ಮಸ್ ಕೊಕ್ ಆಯಿತು, ಆದರೆ ಅದೇ ಜಾತಿಗೆ ಬಂಗಾಳದ ಹೆಸರೊಂದು ನಾಲ್ಕು ವರ್ಷ ಮೊದಲೇ ಅಚ್ಚಾಗಿದ್ದರಿಂದ ಸೀನಿಯಾರಿಟಿಯಲ್ಲಿ ನಮ್ಮದು ಸೋತಿತು. ಮೆಟ್ಟಡೆಯ 'ಟ್ಟ' ಒಂದು 'ಲ್ಟ' ಆಗಿ ಮೆಲ್ಟಾಡ ಅಂತ ಅಚ್ಚಾಯಿತು. ಮೊದಲು ಅಚ್ಚಾದ ಕಾಗುಣಿತವೇ ಉಳಿಯಬೇಕು ಅನ್ನೋದು ಪ್ರಾಣಿಶಾಸ್ತ್ರದ ನಿಯಮ. ಪ್ರೊಡಕ್ಷನ್‌ಗೆ ಹೋದ ಟೈಪೋ ಇನ್ನೂರು ವರ್ಷ ಆಗುತ್ತಾ ಬಂದರೂ ಫಿಕ್ಸ್ ಆಗಿಲ್ಲ. ಗೊಲುಂಡದ ಮುಂದೆ 'ಎಲಿಯಟಿ' ಅಂತ ಸಾಹೇಬನ ಹೆಸರೂ ಸೇರಿದೆ. ಬಿಲ ಅಗೆದು ತೋರಿಸಿದವರ ಹೆಸರು ಎಲ್ಲೂ ಇಲ್ಲ, ಅವರ ಮಾತಷ್ಟೇ ಇದೆ.

ನಮ್ಮ ಸುರಪುರ ಆಗ ನಾಯಕರ ಸಂಸ್ಥಾನ, ಎಲಿಯಟ್ ಸುತ್ತಿದ ಸೀಮೆಯ ಆಚೆಗಿತ್ತು. ನಮ್ಮ ಪಾಲಿಗೆ ಬಂದವನು ಮೆಡೋಸ್ ಟೇಲರ್, ಅದೂ 1841ರಲ್ಲಿ. ಆದರೆ ಎರೆ ಭೂಮಿ ಅದೇ, ಜೋಳ ಅದೇ. ಹಾಗಾಗಿ ಊರಿಗೆ ಫೋನ್ ಮಾಡಿ ಕಾಕಾನನ್ನು ಕೇಳಿದೆ.

"ಮೆಟ್ಟಡೆ ಅಂದ್ರ ಯಾವುದೋ ತಮ್ಮಾ? ಇಲಿ ಅಂದ್ರ ಇಲಿ. ದೊಡ್ಡದಿದ್ರ ಹೆಗ್ಗಣ."

"ಕೊಕ್? ಗುಲಂಡಿ?"

"ನಿಮ್ಮ ಮುತ್ಯಾ ಇದ್ದಿದ್ರ ಹೇಳ್ತಿದ್ದನೋ ಏನೋ."

ಕಾಕಾನನ್ನು ಬಯ್ಯುವ ಹಾಗಿಲ್ಲ. 1982ರಲ್ಲಿ ನಾರಾಯಣಪುರದ ಬಸವಸಾಗರ ಆಯಿತು, ಕಾಲುವೆ ಬಂತು, ನೀರು ಹರಿದಲ್ಲಿ ಜೋಳ ಹೋಗಿ ಭತ್ತ ಬಂತು. ನೀರು ನಿಲ್ಲುವ ನೆಲ ಬಿರುಕು ಬಿಡುವುದಿಲ್ಲ. ಇಲಿಯ ಜೊತೆಗಿನ ವ್ಯವಹಾರವೂ ಬದಲಾಯಿತು. ಈಗ ಯಾರೂ ಬಿಲ ಅಗೆಯುವುದಿಲ್ಲ, ಎಣ್ಣೆ ಅಂಗಡಿಯಿಂದ ಪುಡಿ ತರುತ್ತಾರೆ. 96 ಪಾಲು ನುಚ್ಚು, 2 ಪಾಲು ಅಡುಗೆ ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್, ಇದು ಕೃಷಿ ಇಲಾಖೆಯವರು ಹೇಳಿಕೊಡುವ ಲೆಕ್ಕ. ಅದಕ್ಕೂ ಮೊದಲು ಎರಡು ದಿನ ಬರೀ ನುಚ್ಚು ಇಡಬೇಕು, ಯಾಕಂದ್ರೆ ಹೊಸ ತಿನಿಸನ್ನು ಇಲಿ ನಂಬುವುದಿಲ್ಲ. ಊಟದ ವಿಷಯದಲ್ಲಿ ಇಲಿಯೂ ಹಾವಿನಷ್ಟೇ ಹಟಮಾರಿ. ಎರಡು ದಿನ ತಿಂದು ನಂಬಿಕೆ ಬಂದ ಮೇಲೆ ಮೂರನೇ ದಿನ ಕರೀ ಪುಡಿ. 1972ರ ಕಾಯ್ದೆಯಲ್ಲೇ ಹಾವಿಗೆ ರಕ್ಷಣೆ ಕೊಟ್ಟು, ಇಲಿಯನ್ನು ಕಾಗೆ, ಬಾವಲಿಗಳ ಜೊತೆ ಉಪದ್ರವಿಗಳ ಪಟ್ಟಿಗೆ ಹಾಕಿದ್ದರು. ಕಾಗದದ ಮೇಲೆ ಅವೆರಡನ್ನೂ ಬೇರೆ ಮಾಡಬಹುದು. ಆದರೆ ಹಾವು ಇಲಿಯನ್ನು ಬಗೆದು, ಕರುಳು ತೆಗೆದು ತಿನ್ನುವುದಿಲ್ಲ. ಹೊಟ್ಟೆಯೊಳಗಿನ ನುಚ್ಚಿನ ಸಮೇತ ನುಂಗುತ್ತೆ.

ಗೆಳೆಯನದು ಮತ್ತೆ ಒಂದೇ ವರಾತ. "ಊರಿಗೆ ಹೋದಾಗ ನಾಲ್ಕು ಹೊಲದ ಇಲಿ ತಗೊಂಡು ಬಾ. ತಿನ್ನಿಸೋದು ಬೇಡ, ಬಿಳಿ ಇಲಿಗೆ ಅದರ ವಾಸನೆ ಉಜ್ಜಿ ಕೊಡೋಣ." ವಾಸನೆ ಉಜ್ಜುವುದು ಸಾಕುವವರೆಲ್ಲ ಮಾಡುವ ಉಪಾಯ, ತಪ್ಪೇನಿಲ್ಲ. ದಸರಾಕ್ಕೆ ಹೋದಾಗ ಕಾಕಾನಿಗೆ ಹೇಳಿದೆ. ಅವರು ಬದುವಿನ ಮೇಲೆ ಕೂತು ಬಹಳ ಹೊತ್ತು ಏನೂ ಅನ್ನಲಿಲ್ಲ.

"ಹಿಡ್ಕೊಡ್ತೀನಿ, ಅದೇನು ದೊಡ್ಡದಲ್ಲ. ಖರೆ ಯಾವ ಇಲಿ ಎಣ್ಣಿ ತಿಂದದ, ಯಾವುದು ತಿಂದಿಲ್ಲ, ನನಗ ಹ್ಯಾಂಗ ಗೊತ್ತಾಗಬೇಕು? ಸುಮ್ಮ ಆ ಹುಡುಗನ ಹಾವು ಸತ್ತುಗಿತ್ತೀತು."

ಆಮೇಲೆ ಕಾಲುವೆ ಕಡೆ ಕೈ ಮಾಡಿ, "ಹೋದ ತಿಂಗಳ ಅಲ್ಲೊಂದು ಕೇರಿಹಾವು ಸತ್ತು ಬಿದ್ದಿತ್ತು. ಮಾರುದ್ದ ಇತ್ತು. ಮೈಮ್ಯಾಲ ಒಂದ ಗಾಯ ಇರಲಿಲ್ಲ" ಅಂದರು.

ಬರಿಗೈಲಿ ಬಂದೆ. ಹದಿಮೂರನೇ ವಾರ, ರಾತ್ರಿ ಎರಡಕ್ಕೆ ಗೆಳೆಯನ ಮೆಸೇಜು ಬಂತು: "ತಿಂತು!!" ಜೊತೆಗೊಂದು ಫೋಟೋ, ಹಾವಿನ ಬಾಯಿಂದ ಹೊರಗೆ ಬಿಳಿ ಬಾಲ. ಯಾಕೆ ತಿಂತು, ಅವನಿಗೂ ಗೊತ್ತಿಲ್ಲ. ಬಾಲ್ ಪೈಥಾನುಗಳು ತಿಂಗಳುಗಟ್ಟಲೆ ಉಪವಾಸ ಕೂತು ತಾವಾಗಿಯೇ ಏಳುವುದೂ ಉಂಟು. ಅಷ್ಟರಲ್ಲಿ ಟಬ್ಬು ಐದಾಗಿದ್ದವು, ಇಲಿ ಅರವತ್ತರ ಮೇಲೆ.