ಗಡಿಗಿಂತ ಹಳೆಯದು ನಾಟಕದ ಹುಚ್ಚು

ಈಗ ಆಂಧ್ರದಲ್ಲಿರುವ ಕಣೇಕಲ್ಲು, ರಾಯದುರ್ಗ ತಾಲೂಕಿನೊಂದಿಗೆ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಬಳ್ಳಾರಿಯ ವಕೀಲ, ನಟ ಬಳ್ಳಾರಿ ರಾಘವ (1880–1946) ತೆಲುಗು, ಕನ್ನಡ ಎರಡರಲ್ಲೂ ಅಭಿನಯಿಸಿದವರು. ವಿಜಯನಗರದ ಪತನ ಕುರಿತ ಕೋಲಾಚಲಂ ಶ್ರೀನಿವಾಸರಾಯರ ನಾಟಕದಲ್ಲಿ ಅವರ ಪಠಾಣ್ ರುಸ್ತುಂ ಪಾತ್ರ ಹೆಸರಾಗಿತ್ತು. ಕಥೆ ಗೊತ್ತಿದ್ದೂ ಮತ್ತೆ ಮತ್ತೆ ಹೋಗುವ ಪ್ರೇಕ್ಷಕ ಹೋಗುವುದು ಇಂಥ ಪಾತ್ರ ನೋಡಲಿಕ್ಕೆ.

ಬ್ಯಾರಿಗಳಿಗೂ ಈ ಹುಚ್ಚು ಹೊಸದಲ್ಲ. ಮೂಲ್ಕಿಯ ಬಪ್ಪನಾಡು ಕ್ಷೇತ್ರದ ಕಥೆಯ ಯಕ್ಷಗಾನದಲ್ಲಿ ಬಪ್ಪ ಬ್ಯಾರಿಯೇ ಪಾತ್ರ. ವೇಷ ಕಟ್ಟಿದವರು ಹಿಂದೂ ಕಲಾವಿದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ನಮ್ಮ ಕುಟುಂಬಗಳ ನಡುವೆಯೂ ಗಡಿ ಬಂತು. ಆದರೂ ಎರಡೂ ಕಡೆ ಆಟ ನಿಲ್ಲಲಿಲ್ಲ.

ನಟರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ನೋಡಿದವರ ನೆನಪು ಉಳಿಯುವುದಿಲ್ಲ. ಮನೆಯ ಹಿರಿಯರು ನೋಡಿದ ಆಟ, ನಾಟಕಗಳನ್ನು ಈಗಲೇ ಕೇಳಿ ಬರೆದಿಡೋಣ.