ಗಜಲಹಟ್ಟಿ ಘಟ್ಟ ಮತ್ತು ಮೈಸೂರು ಯುದ್ಧಗಳ ಚರಿತ್ರೆಕಾರರು

ಈಸ್ಟ್ ಇಂಡಿಯಾ ಕಂಪನಿಗೂ ಮೈಸೂರಿಗೂ 1767ರಿಂದ 1799ರವರೆಗೆ ನಡೆದ ನಾಲ್ಕು ಯುದ್ಧಗಳು ಯುರೋಪಿನ ಸೈನಿಕ ಚರಿತ್ರೆಯ ಒಂದು ಅಧ್ಯಾಯವೂ ಹೌದು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿ ಹೆಸರು ಕಳೆದುಕೊಂಡ ಕಾರ್ನ್‌ವಾಲಿಸ್ ಅದನ್ನು ಮರಳಿ ಸಂಪಾದಿಸಿದ್ದು 1792ರಲ್ಲಿ, ಶ್ರೀರಂಗಪಟ್ಟಣದ ಮುಂದೆ. 1815ರಲ್ಲಿ ವಾಟರ್ಲೂ ಗೆದ್ದ ವೆಲಿಂಗ್ಟನ್, ಬರಿಯ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ ದಂಡು ನಡೆಸುವುದನ್ನು ಕಲಿತದ್ದು ಬಹುಮಟ್ಟಿಗೆ ಈ ಸೀಮೆಯಲ್ಲಿ. ಹೀಗಾಗಿ ಈ ಯುದ್ಧಗಳ ಬಗ್ಗೆ ಬರವಣಿಗೆ ರಾಶಿ ಬಿದ್ದಿದೆ. ಆ ರಾಶಿಯಲ್ಲಿ ಸೇನಾಪತಿಗಳ ಚಿತ್ರವೇ ದೊಡ್ಡದು. ಅವರನ್ನು ಗೆಲ್ಲಿಸಿದ, ಸೋಲಿಸಿದ ಘಟ್ಟ, ಮೇವು, ಎತ್ತುಗಳು ಮೊದಮೊದಲ ಪುಸ್ತಕಗಳಲ್ಲಿ ಎದ್ದು ಕಾಣುತ್ತವೆ. ನಡುವಿನ ಕಾಲದಲ್ಲಿ ಮಸುಕಾಗುತ್ತವೆ. ಈಚಿನ ಅಧ್ಯಯನಗಳಲ್ಲಿ ಮತ್ತೆ ಮುನ್ನೆಲೆಗೆ ಬಂದಿವೆ.

ಇದಕ್ಕೆ ಒಳ್ಳೆಯ ಉದಾಹರಣೆ ಚಾಮರಾಜನಗರದ ಗಡಿಯಲ್ಲೇ ಇದೆ. ಪುಣಜನೂರಿನ ಅರಣ್ಯ ತಪಾಸಣಾ ಕೇಂದ್ರ ದಾಟಿದ ಹೆದ್ದಾರಿ ಇಂದು ಹಾಸನೂರು, ದಿಂಬಂ ಮೂಲಕ 27 ತಿರುವುಗಳಲ್ಲಿ ಸತ್ಯಮಂಗಲದತ್ತ ಇಳಿಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ದಂಡು ಇಳಿಯುತ್ತಿದ್ದ ದಾರಿ ಇದಕ್ಕೆ ಪಶ್ಚಿಮದ ಗಜಲಹಟ್ಟಿ ಘಟ್ಟ. ಮೈಸೂರಿನ ಬಯಲನ್ನೂ ಮೋಯಾರ್ ಕಣಿವೆಯನ್ನೂ ಜೋಡಿಸುವ ಈ ಘಟ್ಟದ ಬುಡಕ್ಕೆ, ಮೋಯಾರ್ ಮತ್ತು ಭವಾನಿ ನದಿಗಳ ಸಂಗಮದ ಬಳಿ, ದಣ್ಣಾಯಕನ ಕೋಟೆಯಿತ್ತು. ಅದೀಗ ಭವಾನಿಸಾಗರದ ನೀರಿನಲ್ಲಿ ಮುಳುಗಿದೆ. 1768ರ ಕೊನೆಯಲ್ಲಿ ಹೈದರನ ಸೇನಾನಿ ಫಜಲುಲ್ಲಾ ಖಾನ್ ಈ ಘಟ್ಟ ಇಳಿದು ಕೊಯಮತ್ತೂರು ಸೀಮೆಯ ಕಂಪನಿ ಠಾಣೆಗಳ ಮೇಲೆ ಬಿದ್ದ. ಮುಂದಿನ ವರ್ಷ ಮದ್ರಾಸಿನ ಒಪ್ಪಂದದೊಂದಿಗೆ ಮೊದಲ ಯುದ್ಧ ಮುಗಿಯಿತು.

ಮೂರನೆಯ ಯುದ್ಧದಲ್ಲಿ, 1790ರಲ್ಲಿ, ಕಂಪನಿಯ ಜನರಲ್ ಮೆಡೋಸ್ ಹೂಡಿದ್ದು ಇದರ ತಿರುಗುಮುರುಗು ಯೋಜನೆ: ಕೊಯಮತ್ತೂರು ಹಿಡಿದು, ಗಜಲಹಟ್ಟಿ ಹತ್ತಿ, ಮೈಸೂರಿಗೆ ನುಗ್ಗುವುದು. ಜುಲೈನಲ್ಲಿ ಕೊಯಮತ್ತೂರು ಸಿಕ್ಕಿತು. ಆಮೇಲೆ ದಂಡು ದಿಂಡಿಗಲ್, ಪಾಲಕ್ಕಾಡು ಎಂದು ಹಂಚಿಹೋಯಿತು. ಸತ್ಯಮಂಗಲದಲ್ಲಿ ಕಾವಲಿದ್ದ ಕರ್ನಲ್ ಫ್ಲಾಯ್ಡ್, ಟಿಪ್ಪು ಘಟ್ಟದ ಮೇಲೆ ಸೇನೆ ಕೂಡಿಸುತ್ತಿದ್ದಾನೆಂದು ಸುದ್ದಿ ಕಳುಹಿಸಿದರೂ ಮೇಲಿನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಪ್ಟೆಂಬರ್ 13ರಂದು ಟಿಪ್ಪುವಿನ ತೋಪುಗಳು ದಿನವಿಡೀ ಹೊಡೆದವು. ತೋಪೆಳೆಯುವ ಎತ್ತುಗಳು ಸತ್ತಿದ್ದರಿಂದ ಹಿಂದೆಗೆದ ಫ್ಲಾಯ್ಡ್ ಕೆಲವು ತೋಪುಗಳನ್ನು ಅಲ್ಲೇ ಬಿಟ್ಟು ಹೋಗಬೇಕಾಯಿತು. ಮರುದಿನದ ಕಾಳಗದಲ್ಲಿ ಟಿಪ್ಪುವಿನ ಭಾವಮೈದುನ ಬುರ್ಹಾನುದ್ದೀನ್ ಸತ್ತ. ಕಂಪನಿಯ ದಂಡು ಒಟ್ಟುಗೂಡಿತಾದರೂ ಗಜಲಹಟ್ಟಿ ಹತ್ತುವ ಯೋಜನೆ ಮುರಿದುಬಿತ್ತು. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ತಾನೇ ಮುಂದಾಳತ್ವ ವಹಿಸಿ ಉತ್ತರದ ಮುಗಳಿ ಘಟ್ಟ ಹತ್ತಿ ಬೆಂಗಳೂರಿನ ಮೇಲೆ ಬಂದ. ಗಜಲಹಟ್ಟಿಯ ಈ ಸೋಲಿನಲ್ಲಿ ಹೇಳಿಕೊಳ್ಳುವಂಥ ವೀರನಿಲ್ಲ. ಸೇನಾಪತಿಗಳ ಜೀವನಚರಿತ್ರೆಗಳು ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದು ಅದಕ್ಕೇ ಇರಬೇಕು.

ಈ ಯುದ್ಧಗಳ ಬಗ್ಗೆ ಮೊದಲು ಬರೆದವರು ಸ್ವತಃ ದಂಡಿನಲ್ಲಿದ್ದವರು. ಎರಡನೆಯ ಯುದ್ಧದ ಬಗ್ಗೆ ಇನ್ನೆಸ್ ಮನ್ರೋ 1789ರಲ್ಲಿ, ಮೂರನೆಯದರ ಬಗ್ಗೆ ರೊಡೆರಿಕ್ ಮೆಕೆಂಜಿ ಮತ್ತು ಅಲೆಕ್ಸಾಂಡರ್ ಡಿರೋಮ್ 1793ರಲ್ಲಿ, ಮರಾಠರೊಂದಿಗೆ ಧಾರವಾಡದ ಕಡೆ ಇದ್ದ ಕ್ಯಾಪ್ಟನ್ ಲಿಟ್ಲ್‌ನ ತುಕಡಿಯ ಬಗ್ಗೆ ಎಡ್ವರ್ಡ್ ಮೂರ್ 1794ರಲ್ಲಿ, ಕೊನೆಯ ಯುದ್ಧದ ಬಗ್ಗೆ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪುಸ್ತಕ ತಂದರು. ಕಂಪನಿಯ ಪರ ವಕಾಲತ್ತು ಇವುಗಳಲ್ಲಿ ಧಾರಾಳವಾಗಿದೆ. ಆದರೂ ಹಸಿದ ದಂಡಿನಲ್ಲಿ ನಡೆದವರಿಗೆ ಮೇವಿನ ಬೆಲೆ ಗೊತ್ತಿತ್ತು. 1791ರ ಮೇ 15ರಂದು ಅರಕೆರೆಯ ಬಳಿ ಗೆದ್ದ ಕಾರ್ನ್‌ವಾಲಿಸ್, ಕೆಲವೇ ದಿನಗಳಲ್ಲಿ ಕನ್ನಂಬಾಡಿಯಲ್ಲಿ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದ. ಎತ್ತುಗಳು ಸತ್ತಿದ್ದವು, ಮಳೆ ಹಿಡಿದಿತ್ತು, ಅಕ್ಕಿ ಇರಲಿಲ್ಲ. ದಂಡು ಉಳಿದದ್ದು ಮೇಲುಕೋಟೆಯ ಕಡೆಯಿಂದ ಬಂದ ಮರಾಠರ ಬಜಾರಿನಿಂದ. ಮುಂದೆ ಧಾನ್ಯ ಹೊತ್ತು ತಂದವರು ಬಂಜಾರರು.

ಮುಂದಿನ ಘಟ್ಟ ಮಾರ್ಕ್ ವಿಲ್ಕ್ಸ್‌ನದು. ಮೈಸೂರಿನ ರೆಸಿಡೆಂಟನಾಗಿದ್ದ ಈತ 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಚರಿತ್ರೆ ಬರೆದ. ಹೈದರ್–ಟಿಪ್ಪು ವಿಷಯದಲ್ಲಿ ಕಟು ಪಕ್ಷಪಾತಿ. ಆದರೆ ದಿವಾನ್ ಪೂರ್ಣಯ್ಯನಂಥ ಒಳಗಿನವರನ್ನು ಕೇಳಿ ಬರೆದವನು. ಒಂದು ಘಟ್ಟದಲ್ಲಿ ಯಾವ ದಿನ ಯಾರ ದಂಡು ಎಲ್ಲಿತ್ತೆಂದು ತಿಳಿಯಲು ಅವನನ್ನು ಬಿಟ್ಟರೆ ಗತಿಯಿಲ್ಲ. ಅದೇ ಕಾಲದಲ್ಲಿ ಇಂಜಿನಿಯರ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ನಡೆಸುತ್ತ ಹಸ್ತಪ್ರತಿ, ಶಾಸನ, ಕೈಫಿಯತ್ತುಗಳನ್ನು ಕೂಡಿಹಾಕಿದ. ಅವನಿಗೆ ನೆರವಾದವರಲ್ಲಿ ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕನಕಗಿರಿಯ ದೇವಚಂದ್ರನೂ ಒಬ್ಬ. ಆತ ಮುಂದೆ ‘ರಾಜಾವಳಿ ಕಥೆ’ ಬರೆದ.

ಮೈಸೂರಿನ ಪಕ್ಷದ ದಾಖಲೆಗಳೂ ಕಡಮೆಯಿರಲಿಲ್ಲ. 1784ರ ಕನ್ನಡ ‘ಹೈದರ್ ನಾಮಾ’ ಇದೆ, ಕಿರ್ಮಾನಿಯ ಪಾರ್ಸಿ ಚರಿತ್ರೆಯಿದೆ, ಟಿಪ್ಪು ಬರೆಸಿದ ಸೈನಿಕ ಕೈಪಿಡಿ ‘ಫತ್ಹುಲ್ ಮುಜಾಹಿದೀನ್’ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯನ್ನೂ ಈ ಸಾಲಿಗೆ ಸೇರಿಸಬೇಕು. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗ ಅಲ್ಲಿದೆ: ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಸುತ್ತ ಕೆಂಪಂಗಿ ಸಿಪಾಯಿಗಳ ಚೌಕ, ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಒಂದು ಕಡೆ ಕುದುರೆಯ ಮೇಲೆ ದುರ್ಬೀನು ಹಿಡಿದ ಫ್ರೆಂಚ್ ಸರದಾರ ಲಾಲಿ. ಬಣ್ಣ ಹಲವು ಸಲ ಹೊಸದಾಗಿ ಬಳಿದದ್ದಾದರೂ, ಗೆದ್ದವರು ತಮ್ಮ ಗೆಲುವನ್ನು ಹೇಗೆ ಕಂಡರೆಂಬುದಕ್ಕೆ ಇಷ್ಟು ನೇರ ಸಾಕ್ಷಿ ಇನ್ನೊಂದಿಲ್ಲ.

ವಿಕ್ಟೋರಿಯಾ ಕಾಲದಲ್ಲಿ ಬರವಣಿಗೆ ವ್ಯಕ್ತಿಪೂಜೆಯ ಕಡೆ ವಾಲಿತು. 1834ರಿಂದ ಗರ್ವುಡ್ ಪ್ರಕಟಿಸಿದ ವೆಲಿಂಗ್ಟನ್ನನ ಪತ್ರಗಳು ಅದಕ್ಕೆ ಸರಕು ಒದಗಿಸಿದವು. ವಿಚಿತ್ರವೆಂದರೆ ಆ ಪತ್ರಗಳ ತುಂಬ ಇರುವುದು ಅಕ್ಕಿ, ಎತ್ತು, ದೋಣಿಗಳ ಲೆಕ್ಕ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ಮರಗಳ ತೋಪಿನಲ್ಲಿ ದಾರಿ ತಪ್ಪಿ ಸೋತ ಮೇಲೆ, ಹಗಲಲ್ಲಿ ನೋಡಿರದ ನೆಲೆಯ ಮೇಲೆ ರಾತ್ರಿ ಬೀಳುವುದಿಲ್ಲವೆಂದು ನಿಶ್ಚಯಿಸಿದ ಮನುಷ್ಯ ಆತ. 1803ರ ಮರಾಠಾ ಯುದ್ಧಕ್ಕೆ ಮೈಸೂರಿನ ಎತ್ತುಗಳನ್ನೇ ನೆಚ್ಚಿದ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನಿಂದ ಅಮೃತ ಮಹಲ್ ಎಂಬ ಹೆಸರು ಪಡೆದ ತಳಿ, ರಾಜ್ಯದ ಜೊತೆಗೇ ಗೆದ್ದವರ ಕೈಸೇರಿತ್ತು. ಜೀವನಚರಿತ್ರೆಕಾರರು ಲೆಕ್ಕ ಬಿಟ್ಟು ಗೆಲುವನ್ನಷ್ಟೇ ಎತ್ತಿಕೊಂಡರು.

ಇಪ್ಪತ್ತನೆಯ ಶತಮಾನದಲ್ಲಿ ಭಾರತೀಯ ವಿದ್ವಾಂಸರು ಈ ಬರವಣಿಗೆಯ ಮಗ್ಗುಲು ಬದಲಿಸಿದರು. ಎನ್.ಕೆ. ಸಿನ್ಹ (1941), ಸಿ. ಹಯವದನ ರಾವ್ (1943–46), ಮೊಹಿಬ್ಬುಲ್ ಹಸನ್ (1951), ಬಿ. ಷೇಕ್ ಅಲಿ (1963) ಪಾರ್ಸಿ, ಮರಾಠಿ, ಫ್ರೆಂಚ್ ಆಕರಗಳನ್ನೂ ಕನ್ನಡ ಸಾಮಗ್ರಿಯನ್ನೂ ತಂದರು. ವಿಲ್ಕ್ಸ್‌ನ ತೀರ್ಪುಗಳು ಅಲುಗಾಡಿದವು. ಆದರೆ ಇವರ ಕೃತಿಗಳಲ್ಲೂ ರಾಜನೀತಿಗೆ ಸಿಕ್ಕ ಜಾಗ ರಣಭೂಮಿಗೆ ಸಿಗಲಿಲ್ಲ. ಅಮೆರಿಕದ ಜಾಕ್ ವೆಲ್ಲರ್ 1972ರಲ್ಲಿ ವೆಲಿಂಗ್ಟನ್ನನ ಭಾರತದ ದಿನಗಳ ಬಗ್ಗೆ ಬರೆದಾಗ ರಣಭೂಮಿ ಮರಳಿತು, ಜೊತೆಗೆ ಹಳೆಯ ನಾಯಕನೂ.

ನಿಜವಾದ ತಿರುವು ಬಂದದ್ದು ಆಯುಧ ಮತ್ತು ಸರಬರಾಜಿನ ಅಧ್ಯಯನದಿಂದ. ವಿಮಾನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರಿನ ರಾಕೆಟ್ಟುಗಳನ್ನು ಪರಿಶೀಲಿಸಿ, ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳುತ್ತಿದ್ದುದೇ ಅವುಗಳ ಬಲವೆಂದು ವಿವರಿಸಿದರು. ಅವುಗಳನ್ನು ನೋಡಿಯೇ ಬ್ರಿಟನ್ನಿನ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ್ದ. 1807ರಲ್ಲಿ ಅವನ ರಾಕೆಟ್ಟುಗಳು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕ ಮೇಲೆ ಪುಸ್ತಕದ ಮಾತನ್ನು ವಸ್ತುವಿನ ಮೇಲೆಯೇ ಒರೆಹಚ್ಚುವಂತಾಯಿತು. ರಾಂಡಾಲ್ಫ್ ಕೂಪರ್ 2003ರಲ್ಲಿ ಮರಾಠಾ ಯುದ್ಧಗಳ ಬಗ್ಗೆ ಬರೆಯುತ್ತ, ಹಣ ಮತ್ತು ಕೂಲಿ ಸೈನಿಕರ ಮಾರುಕಟ್ಟೆ ಗೆಲುವನ್ನು ಹೇಗೆ ತೀರ್ಮಾನಿಸಿತೆಂದು ತೋರಿಸಿದ. ಮೈಸೂರು ಯುದ್ಧಗಳನ್ನು ಓದುವ ರೀತಿಗೂ ಅದು ಅನ್ವಯಿಸುತ್ತದೆ.

ಗಜಲಹಟ್ಟಿಯಂಥ ದಾರಿಗಳ ಕ್ಷೇತ್ರ ಅಧ್ಯಯನ ಮಾತ್ರ ಸುಲಭದ್ದಲ್ಲ. ಪುಣಜನೂರಿನ ಕಡೆಯ ಕಾಡು 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲಿಗೆ ಸೇರಿತು. ಕೆಳಗಿನ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಮೀಸಲಾಯಿತು. ಹಳೆಯ ದಂಡಿನ ಜಾಡು ಹಿಡಿದು ನಡೆಯಲು ಎರಡೂ ರಾಜ್ಯಗಳ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಸಿಗುವವರೆಗೆ ಸಂಶೋಧಕರಿಗೆ ವಿಲ್ಕ್ಸ್‌ನ ಪುಟ, ಮೆಕೆಂಜಿಯ ಸರ್ವೆ ಕಾಗದ, ಉಪಗ್ರಹ ಚಿತ್ರಗಳನ್ನು ಒಟ್ಟಿಗಿಟ್ಟು ಓದುವ ಕೆಲಸವಿದೆ.