ಗಾಲ್ಫ್: ಸ್ವಿಂಗ್ ತಿದ್ದಿಕೊಳ್ಳುವುದು, ಹೊಡೆತ ಉಳಿಸುವುದು ಹೇಗೆ?

2021ರ ಆಗಸ್ಟ್ 7. ಜಪಾನಿನ ಕಸುಮಿಗಾಸೆಕಿ ಕಂಟ್ರಿ ಕ್ಲಬ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ ಮಹಿಳಾ ಗಾಲ್ಫ್‌ನ ಅಂತಿಮ ಸುತ್ತು. ಆಗ ವಿಶ್ವ ಕ್ರಮಾಂಕದಲ್ಲಿ 200ನೇ ಸ್ಥಾನದಲ್ಲಿದ್ದ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾಗಿ ಆಟ ಮುಗಿಸಿದರು. ಇನ್ನೊಂದು ಹೊಡೆತ ಉಳಿಸಿದ್ದರೆ ಬೆಳ್ಳಿ ಮತ್ತು ಕಂಚು ನಿರ್ಧರಿಸಿದ ಪ್ಲೇ-ಆಫ್‌ನಲ್ಲಿ ಅವರೂ ಇರುತ್ತಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಚೆಂಡನ್ನು ದೂರಕ್ಕೆ ಹೊಡೆಯುವುದರಲ್ಲಿ ಅವರು ಕೊನೆಯ ಸಾಲಿನಲ್ಲಿದ್ದರು. ಅವರನ್ನು ಪದಕದ ಬಾಗಿಲಿಗೆ ಕರೆದೊಯ್ದದ್ದು ಕುಳಿಯ ಸಮೀಪದ ಆಟ. ಪಟಿಂಗ್‌ನಲ್ಲಿ ಅವರೇ ಮೊದಲಿಗರು.

ಗಾಲ್ಫ್ ಕಲಿಯುವ ಬಹುತೇಕರು ಮೊದಲ ದಿನವೇ ಉದ್ದನೆಯ ಡ್ರೈವರ್ ಹಿಡಿದು ಬಲ ಪ್ರಯೋಗಿಸುತ್ತಾರೆ. ಆದರೆ ದೊಡ್ಡ ಸ್ವಿಂಗ್‌ಗೂ ಪುಟ್ಟ ಚಿಪ್‌ಗೂ ಬೇಕಾದದ್ದು ಎರಡೇ ಅಂಶ: ಚೆಂಡಿಗೆ ತಾಗುವ ಕ್ಷಣದಲ್ಲಿ ಕ್ಲಬ್‌ನ ಮುಖ ಯಾವ ಕಡೆ ನೋಡುತ್ತಿದೆ, ಕ್ಲಬ್ ನೆಲವನ್ನು ಎಲ್ಲಿ ಮುಟ್ಟುತ್ತದೆ. ಇವೆರಡನ್ನೂ ಸಣ್ಣ ಹೊಡೆತದಲ್ಲಿ ಕಲಿಯುವುದು ಸುಲಭ. (ಇಲ್ಲಿನ ವಿವರಗಳು ಬಲಗೈ ಆಟಗಾರರಿಗೆ ಅನ್ವಯಿಸುತ್ತವೆ. ಎಡಗೈ ಆಟಗಾರರು ಎಡ-ಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.)

ಹಿಡಿತ ಮತ್ತು ನಿಲುವು

ಕ್ಲಬ್ ಎಡಗೈಯ ಅಂಗೈಯಲ್ಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೂಡುವ ಗೆರೆ ಬಲಭುಜದ ಕಡೆಗೆ ತೋರಬೇಕು. ಬಿಗಿಹಿಡಿತ ಮಣಿಕಟ್ಟನ್ನು ಮರಗಟ್ಟಿಸುತ್ತದೆ. ಕ್ಲಬ್ ಜಾರದಷ್ಟು ಹಿಡಿದರೆ ಸಾಕು.

ಮಧ್ಯಮ ಐರನ್‌ಗಳಿಗೆ ಪಾದಗಳ ಅಂತರ ಭುಜದಷ್ಟು, ಡ್ರೈವರ್‌ಗೆ ಇನ್ನೂ ಕೊಂಚ ಹೆಚ್ಚು. ಡ್ರೈವರ್ ಬಳಸುವಾಗ ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಬೇಕು. ವೆಜ್ ಬಳಸುವಾಗ ಪಾದಗಳ ನಡುವೆ. ಬೆನ್ನು ನೆಟ್ಟಗಿರಲಿ, ಬಾಗುವುದು ಸೊಂಟದ ಕೀಲಿನಿಂದ.

ಸ್ವಿಂಗ್‌ನ ಕ್ರಮ

ಕ್ಲಬ್ ಹಿಂದಕ್ಕೆ ಹೋಗುವಾಗ ಭುಜಗಳು ಸುಮಾರು 90 ಡಿಗ್ರಿ, ಸೊಂಟ ಅದರ ಅರ್ಧದಷ್ಟು ತಿರುಗುತ್ತವೆ. ಇಳಿಯುವಾಗ ಕ್ರಮ ಕೆಳಗಿನಿಂದ ಮೇಲಕ್ಕೆ: ಮೊದಲು ಭಾರ ಎಡಗಾಲಿಗೆ, ಆಮೇಲೆ ಸೊಂಟ, ಎದೆ, ತೋಳು, ಕೊನೆಗೆ ಕ್ಲಬ್. ಕೈಗಳೇ ಮೊದಲು ಧಾವಿಸಿದರೆ ಈ ಕ್ರಮ ಕೆಡುತ್ತದೆ. ಐರನ್ ಹೊಡೆತದಲ್ಲಿ ಕ್ಲಬ್ ಮೊದಲು ಚೆಂಡನ್ನು, ನಂತರ ಅದರ ಮುಂದಿನ ಹುಲ್ಲನ್ನು ಮುಟ್ಟಬೇಕು. ಚೆಂಡಿನ ಹಿಂದಿನ ಮಣ್ಣು ಏಳುತ್ತಿದ್ದರೆ ಭಾರ ಇನ್ನೂ ಬಲಗಾಲಿನಲ್ಲೇ ಉಳಿದಿದೆ ಎಂಬುದರ ಸೂಚನೆ ಅದು.

ಹೊಸಬರನ್ನು ಹೆಚ್ಚು ಕಾಡುವುದು ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗಿ ಹೋಗುವುದು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕ್ಲಬ್‌ನ ಮುಖ. ಅದು ಬಾಗುವುದು ಮುಖಕ್ಕೂ ಕ್ಲಬ್ ಚಲಿಸುವ ದಾರಿಗೂ ಇರುವ ವ್ಯತ್ಯಾಸದಿಂದ. ಸ್ಲೈಸ್‌ನಲ್ಲಿ ಕ್ಲಬ್ ಹೊರಗಿನಿಂದ ಒಳಕ್ಕೆ ಸಾಗುತ್ತದೆ, ಮುಖ ಆ ದಾರಿಗಿಂತ ಬಲಕ್ಕೆ ತೆರೆದಿರುತ್ತದೆ. ಇದಕ್ಕೆ ಹೆದರಿ ಇನ್ನಷ್ಟು ಎಡಕ್ಕೆ ಗುರಿಯಿಟ್ಟರೆ ದೋಷ ಉಲ್ಬಣಿಸುತ್ತದೆಯೇ ಹೊರತು ಗುಣವಾಗುವುದಿಲ್ಲ. ಮೊದಲು ಹಿಡಿತವನ್ನು, ನಂತರ ಭುಜಗಳ ದಿಕ್ಕನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ.

ಚಿಪ್ ಮತ್ತು ಪಿಚ್

ಗ್ರೀನ್‌ನ ಅಂಚಿನಿಂದ ಆಡುವ, ಕಡಿಮೆ ಹಾರಿ ಹೆಚ್ಚು ಉರುಳುವ ಹೊಡೆತ ಚಿಪ್. ಪಾದಗಳು ಹತ್ತಿರ, ಭಾರ ಎಡಗಾಲಿನ ಮೇಲೆ, ಚೆಂಡು ಮಧ್ಯಕ್ಕಿಂತ ತುಸು ಹಿಂದೆ ಇರಲಿ. ಮಣಿಕಟ್ಟು ಆಡಿಸದೆ ಭುಜಗಳಿಂದಲೇ ತೂಗಬೇಕು. ಚೆಂಡನ್ನು ಎತ್ತಲು ಪ್ರಯತ್ನಿಸಬಾರದು. ಆ ಕೆಲಸ ಕ್ಲಬ್ ಮುಖದ ಓರೆಯದು.

ಪಿಚ್ ಹೆಚ್ಚು ಎತ್ತರಕ್ಕೆ ಹಾರಿ ಬೇಗ ನಿಲ್ಲುವ ಹೊಡೆತ. ಇಲ್ಲಿ ದೂರವನ್ನು ಬಲದಿಂದಲ್ಲ, ಕ್ಲಬ್ ಹಿಂದಕ್ಕೆ ಹೋಗುವ ಅಳತೆಯಿಂದ ನಿಯಂತ್ರಿಸಬೇಕು. ಕೈಗಳು ಮೊಣಕಾಲು, ಸೊಂಟ, ಭುಜದ ಮಟ್ಟಕ್ಕೆ ಹೋದಾಗ ಒಂದೇ ವೆಜ್‌ನಿಂದ ಚೆಂಡು ಎಷ್ಟೆಷ್ಟು ದೂರ ಹೋಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ ಎತ್ತರದಲ್ಲಿದ್ದು, ತೆಳುಗಾಳಿಯಲ್ಲಿ ಚೆಂಡು ಕೊಂಚ ಹೆಚ್ಚು ಹಾರುತ್ತದೆ. ಇಲ್ಲಿನ ಲೆಕ್ಕವನ್ನು ಮಂಗಳೂರಿನ ಕರಾವಳಿಗೆ ಹಾಗೆಯೇ ಒಯ್ಯುವಂತಿಲ್ಲ.

ಮರಳಿನಿಂದ ಪಾರಾಗಲು

ಬಂಕರ್‌ನಲ್ಲಿ ಹೊಡೆಯಬೇಕಾದದ್ದು ಚೆಂಡನ್ನಲ್ಲ, ಮರಳನ್ನು. ಸ್ಯಾಂಡ್ ವೆಜ್‌ನ ಮುಖ ತೆರೆದು, ಚೆಂಡಿನಿಂದ ಸುಮಾರು 5 ಸೆಂ.ಮೀ. ಹಿಂದೆ ಮರಳಿಗೆ ಇಳಿಸಿ, ನಡುವೆ ನಿಲ್ಲಿಸದೆ ಸ್ವಿಂಗ್ ಪೂರ್ಣಗೊಳಿಸಬೇಕು. ಮಳೆಗಾಲದಲ್ಲಿ ಮರಳು ಒದ್ದೆಯಾಗಿ ಗಟ್ಟಿಯಾದಾಗ ಕ್ಲಬ್‌ನ ತಳ ಪುಟಿಯುತ್ತದೆ. ಆಗ ಮುಖವನ್ನು ಅಷ್ಟಾಗಿ ತೆರೆಯಬಾರದು. ಹೊಡೆಯುವ ಮುನ್ನ ಚೆಂಡಿನ ಹಿಂದಿನ ಅಥವಾ ಮುಂದಿನ ಮರಳಿಗೆ ಕ್ಲಬ್ ತಾಗಿಸುವುದು ನಿಯಮಬಾಹಿರ.

ಪಟಿಂಗ್: ಒಂದು ಡಿಗ್ರಿಯ ಲೆಕ್ಕ

ಪಾರ್ 72ರ ಅಂಕಣದಲ್ಲಿ ಪ್ರತಿ ಗ್ರೀನ್‌ಗೆ 2 ಪಟ್‌ಗಳಂತೆ 18 ಕುಳಿಗಳಿಗೆ 36 ಪಟ್‌ಗಳ ಲೆಕ್ಕ. ಅಂದರೆ ಅರ್ಧದಷ್ಟು ಹೊಡೆತಗಳು. ಕುಳಿಯ ಅಗಲ 10.8 ಸೆಂ.ಮೀ. 3 ಮೀಟರ್ ದೂರದಿಂದ ಚೆಂಡಿನ ದಿಕ್ಕು 1 ಡಿಗ್ರಿ ತಪ್ಪಿದರೂ ಅದು ಕುಳಿಯ ಮಧ್ಯದಿಂದ 5 ಸೆಂ.ಮೀ.ಗಿಂತ ಹೆಚ್ಚು ಸರಿದು ಅಂಚಿಗೆ ಬರುತ್ತದೆ. ಆದ್ದರಿಂದ ಪಟರ್‌ನ ಮುಖ ಗುರಿಗೆ ನೇರವಾಗಿರುವುದೇ ಮುಖ್ಯ. ಕಣ್ಣು ಚೆಂಡಿನ ಮೇಲೆ, ತಲೆ ಸ್ಥಿರ, ಭುಜಗಳು ಗಡಿಯಾರದ ಲೋಲಕದಂತೆ ಆಡಬೇಕು. ದೂರದ ಪಟ್‌ಗಳಲ್ಲಿ ದಿಕ್ಕಿಗಿಂತ ವೇಗಕ್ಕೆ ಹೆಚ್ಚು ಗಮನ ಕೊಡಿ.

ಬೆಚ್ಚನೆಯ ಹವೆಯ ಗ್ರೀನ್‌ಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಜಾತಿಯದೇ. ಅದರ ಎಳೆಗಳು ಮಲಗಿರುವ ದಿಕ್ಕಿಗೆ ಚೆಂಡು ವೇಗವಾಗಿ, ಎದುರು ದಿಕ್ಕಿಗೆ ನಿಧಾನವಾಗಿ ಉರುಳುತ್ತದೆ. ಹುಲ್ಲು ಹೊಳೆಯುವಂತೆ ಕಂಡರೆ ಎಳೆಗಳು ನಿಮ್ಮಿಂದ ದೂರಕ್ಕೆ ಮಲಗಿವೆ ಎಂದರ್ಥ.

ಪಟ್ ತಪ್ಪಿದಾಗ ಎದೆಗುಂದಬೇಕಿಲ್ಲ. ಅಮೆರಿಕದ ಪಿಜಿಎ ಟೂರ್ ವೃತ್ತಿಪರರೇ 8 ಅಡಿ ದೂರದ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಕುಳಿಗೆ ಸೇರಿಸುತ್ತಾರೆ.

ಅಭ್ಯಾಸ ಹೇಗಿರಬೇಕು?

ಹಾಗೆಂದು ಉದ್ದ ಹೊಡೆತಗಳನ್ನು ಕಡೆಗಣಿಸುವಂತಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ 2014ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆಟಗಾರರ ನಡುವಿನ ಅಂಕಗಳ ಅಂತರಕ್ಕೆ ಸುಮಾರು ಮೂರನೇ ಎರಡು ಪಾಲು ಕಾರಣ 100 ಗಜದಾಚೆಯ ಹೊಡೆತಗಳು ಎಂದು ತೋರಿಸಿದರು. ಆದರೆ ಸ್ವಿಂಗ್ ತಿದ್ದಲು ತಿಂಗಳುಗಳು ಹಿಡಿಯುತ್ತವೆ, ತರಬೇತುದಾರರ ಕಣ್ಣೂ ಬೇಕು. ಪಟಿಂಗ್ ಅನ್ನು ಮನೆಯ ಜಮಖಾನೆಯ ಮೇಲೂ ಅಭ್ಯಸಿಸಬಹುದು. ಒಂದು ಗಂಟೆ ಸಿಕ್ಕರೆ ಅರ್ಧ ಭಾಗ ಗ್ರೀನ್ ಬಳಿ, ಅರ್ಧ ಭಾಗ ಪೂರ್ಣ ಸ್ವಿಂಗ್‌ಗೆ ಎಂಬ ಹಂಚಿಕೆ ಹೊಸಬರಿಗೆ ಒಗ್ಗುತ್ತದೆ. ಪಟ್‌ನಿಂದ ಆರಂಭಿಸಿ ಚಿಪ್, ಪಿಚ್, ಐರನ್, ಕೊನೆಗೆ ಡ್ರೈವರ್ ಎಂಬ ಕ್ರಮ ಅನುಸರಿಸಿ.

ಬೆಂಗಳೂರಿನಲ್ಲಿ ಇತರರ ಕ್ಲಬ್‌ಗಳನ್ನು ಹೊರುವ ಕ್ಯಾಡಿಯಾಗಿ ಆಟ ಕಂಡುಕೊಂಡ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿ ಗೆದ್ದರು. ದುಬಾರಿ ಸಲಕರಣೆಗಿಂತ ಗಮನವಿಟ್ಟು ನೋಡುವ ಕಣ್ಣು, ಬೇಸರಿಸದ ಅಭ್ಯಾಸ ದೊಡ್ಡವು ಎಂಬುದಕ್ಕೆ ಅವರ ಗೆಲುವು ನಿದರ್ಶನ. ಅಂಕಪಟ್ಟಿಯಲ್ಲಿ 250 ಗಜದ ಡ್ರೈವ್‌ಗೂ ಒಂದೇ ಅಂಕ, ಅರ್ಧ ಅಡಿಯ ಪಟ್‌ಗೂ ಒಂದೇ ಅಂಕ.